‘ಮುಟ್ಟಬೇಡ’ ಎಂಬ ನಿಷೇಧದ ಚರಿತ್ರೆ: ಹೃದಯೋಜ್ಜೀವನದಲ್ಲಿ ರಕ್ಷಕನಿಗಿರುವ ವಿದ್ಯುದ್ಭಯವನ್ನು ಕುರಿತು

ಬೆಂಗಳೂರಿನಿಂದ ಯಲಹಂಕದ ಮಾರ್ಗವಾಗಿ ದೊಡ್ಡಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ ರಾಜಾನುಕುಂಟೆ ಎಂಬ ಊರುಂಟು. ಈ ಹೆಸರಿನ ಉತ್ತರಪದವಾದ ‘ಕುಂಟೆ’ ಎಂಬುದಕ್ಕೆ ಮಳೆಯ ನೀರು ನಿಲ್ಲುವ ಸಣ್ಣ ಕೊಳವೆಂದು ಅರ್ಥ. ನೆರೆಯ ಮಾರಸಂದ್ರವೇ ಮೊದಲಾದ ಊರುಗಳ ‘ಸಂದ್ರ’ವು ‘ಸಮುದ್ರ’ ಶಬ್ದದ ತದ್ಭವವಾಗಿದ್ದು ಅದೂ ಕೆರೆಯನ್ನೇ ಹೇಳುತ್ತದೆ. ಹೀಗೆ ನೀರಿನಿಂದ ಹೆಸರು ಪಡೆದ ಈ ಸೀಮೆಯಲ್ಲಿ ಈಗ ವಿದ್ಯುತ್ತು ಮೂರು ಬಗೆಯಾಗಿ ಹರಿಯುತ್ತಿದೆ. ಮನೆಗಳಿಗೂ ತೋಟದ ಪಂಪುಗಳಿಗೂ 230 ಮತ್ತು 415 ವೋಲ್ಟು. ರಸ್ತೆಯ ಬದಿಯ ಕಂಬಗಳ ಮೇಲೆ 11,000 ವೋಲ್ಟು. ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಸಾಗುವ ರೈಲುದಾರಿಯ ಮೇಲಣ ತಂತಿಯಲ್ಲಿ 25,000 ವೋಲ್ಟು. ಇಂಥ ಊರಿನಲ್ಲಿ ಒಬ್ಬನು ಕುಸಿದು ಬಿದ್ದರೆ ಬಳಿಯಲ್ಲಿದ್ದವನ ಕೈ ತಾನಾಗಿಯೇ ಮುಂದಕ್ಕೆ ಚಾಚುವುದು; ಒಡನೆಯೇ ಹಿಂದಿನಿಂದ ‘ಮುಟ್ಟಬೇಡ’ ಎಂದು ಯಾರಾದರೊಬ್ಬರು ಕೂಗುವರು. ಆ ಕೂಗು ಕೆಲವು ವೇಳೆ ಎರಡನೆಯ ಪ್ರಾಣವನ್ನು ಉಳಿಸುತ್ತದೆ. ಕೆಲವು ವೇಳೆ ಮೊದಲನೆಯ ಪ್ರಾಣವನ್ನು ಕಳೆಯುತ್ತದೆ. ಯಾವಾಗ ಯಾವುದು ಎಂಬುದನ್ನು ತಿಳಿಯಬೇಕಾದರೆ ಈ ನಿಷೇಧವು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು ಎಂಬ ಚರಿತ್ರೆಯನ್ನು ಅರಸುವುದು ಅವಶ್ಯವು.

ವಿಚಾರಿಸಿ ನೋಡಿದರೆ ‘ಮುಟ್ಟಬೇಡ’ ಎಂಬ ಮಾತು ಒಂದೇ ಆದರೂ ಅದು ಎರಡು ಬೇರೆ ಬೇರೆ ಶಾಸ್ತ್ರಗಳಿಂದ ಬಂದದ್ದೆಂದು ಸ್ಪಷ್ಟವಾಗುತ್ತದೆ. ಒಂದು, ಊರಿಗೆ ಬೆಳಕನ್ನು ತಂದ ತಂತಿಯ ಶಾಸ್ತ್ರ. ಮತ್ತೊಂದು, ನಿಂತ ಹೃದಯವನ್ನು ನಡೆಸುವ ಯಂತ್ರದ ಶಾಸ್ತ್ರ. ಮೊದಲನೆಯದು ಹತ್ತೊಂಬತ್ತನೆಯ ಶತಮಾನದ ಕೊನೆಯದು. ಎರಡನೆಯದು ಇಪ್ಪತ್ತನೆಯ ಶತಮಾನದ ನಡುವಿನದು. ಜನರ ಬಾಯಲ್ಲಿ ಇವೆರಡೂ ಕಲೆತುಹೋಗಿ, ಮೂರನೆಯದಾದ ಒಂದು ಹಳೆಯ ಭಯವೂ ಅವುಗಳೊಡನೆ ಸೇರಿಕೊಂಡಿದೆ.

ಆ ಹಳೆಯ ಭಯವು ಸಿಡಿಲಿಗೆ ಸಂಬಂಧಪಟ್ಟದ್ದು. ‘ವಿದ್ಯುತ್’ ಎಂಬ ಸಂಸ್ಕೃತ ಶಬ್ದಕ್ಕೆ ಮೂಲತಃ ಮಿಂಚೆಂದೇ ಅರ್ಥ. ಮಿಂಚು ಕಣ್ಣಿಗೆ ಕಾಣುವುದು. ಕೊಲ್ಲುವುದಕ್ಕೆ ‘ಅಶನಿ’ ಎಂದೂ ಕನ್ನಡದಲ್ಲಿ ಸಿಡಿಲೆಂದೂ ಬೇರೆ ಹೆಸರಿತ್ತು. ತಂತಿಯಲ್ಲಿ ಹರಿಯುವ ಶಕ್ತಿಗೆ ಹೆಸರಿಡಬೇಕಾದಾಗ ನಮ್ಮ ಭಾಷೆಗಳು ಸಿಡಿಲಿನ ಹೆಸರನ್ನು ಬಿಟ್ಟು ಮಿಂಚಿನ ಹೆಸರನ್ನು ಆರಿಸಿಕೊಂಡವು. ಆದರೆ ಸಿಡಿಲಿನ ಭಯವು ಹೆಸರಿನೊಡನೆ ಹೋಗದೆ ಉಳಿಯಿತು. ಸಿಡಿಲು ಬಡಿದವನ ಮೈಯಲ್ಲಿ ಆ ಶಕ್ತಿಯು ನಿಂತಿರುವುದೆಂದೂ ಅವನನ್ನು ಮುಟ್ಟಿದವನಿಗೆ ಅದು ತಗಲುವುದೆಂದೂ ಹಲವರು ಇಂದಿಗೂ ನಂಬುವರು. ಇದು ಪೂರ್ಣವಾಗಿ ತಪ್ಪು. ಮನುಷ್ಯನ ದೇಹವು ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಪಾತ್ರೆಯಲ್ಲ. ಸಿಡಿಲಿನ ಪ್ರವಾಹವು ಕ್ಷಣದ ಅತ್ಯಲ್ಪ ಭಾಗದಲ್ಲಿ ಮೈಮೇಲೂ ಮೈಯೊಳಗೂ ಹರಿದು ಭೂಮಿಗೆ ಸೇರಿಹೋಗುತ್ತದೆ. ಬಳಿಕ ಅವನನ್ನು ಮುಟ್ಟಲು ಯಾವ ಅಡ್ಡಿಯೂ ಇಲ್ಲ. ಮತ್ತೊಂದು ಸಿಡಿಲು ಅದೇ ಬಯಲಿನಲ್ಲಿ ಬೀಳಬಹುದೆಂಬ ಎಚ್ಚರವೊಂದೇ ಬೇಕಾದದ್ದು. ಸಿಡಿಲು ಬಡಿದವರಲ್ಲಿ ಎಷ್ಟೋ ವೇಳೆ ಹೃದಯವು ತಾನಾಗಿಯೇ ಮತ್ತೆ ನಡೆಯಲಾರಂಭಿಸಿದರೂ ಉಸಿರು ಮಾತ್ರ ಬೇಗನೆ ಮರಳದು. ಆ ಅವಧಿಯಲ್ಲಿ ಯಾರಾದರೂ ಉಸಿರನ್ನು ಊದಿಕೊಟ್ಟರೆ ಬದುಕುವರು, ಮುಟ್ಟದೆ ಬಿಟ್ಟರೆ ಸಾಯುವರು. ಇಲ್ಲಿ ನಿಷೇಧವೇ ಘಾತುಕವು.

ಹೋದ ಪ್ರಾಣವನ್ನು ಮರಳಿ ಕರೆಯುವ ಯತ್ನವು ನಮ್ಮ ಪ್ರಾಚೀನರಲ್ಲಿ ಇರಲಿಲ್ಲವೆಂದಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ, ಹುಟ್ಟಿದೊಡನೆ ಚೇತರಿಸದ ಶಿಶುವಿನ ಕಿವಿಯ ಬಳಿ ಎರಡು ಕಲ್ಲುಗಳನ್ನು ತಟ್ಟುವುದು, ಮುಖಕ್ಕೆ ನೀರೆರೆಯುವುದು ಮುಂತಾದ ಪ್ರಾಣಪ್ರತ್ಯಾಗಮನದ ಉಪಾಯಗಳು ಹೇಳಲ್ಪಟ್ಟಿವೆ. ಸುಶ್ರುತನು ಹೃದಯವನ್ನು ಪೆಟ್ಟು ಬಿದ್ದೊಡನೆ ಪ್ರಾಣವನ್ನು ತೆಗೆಯುವ ಮರ್ಮಗಳ ಗುಂಪಿನಲ್ಲಿ ಎಣಿಸಿರುವನು. ಇಷ್ಟರಿಂದಲೇ ಹೃದಯೋಜ್ಜೀವನದ ಆಧುನಿಕ ಕ್ರಮವೆಲ್ಲವೂ ಅಲ್ಲಿ ಅಡಗಿದೆಯೆಂದು ಸಾಧಿಸಹೊರಡುವುದು ಪಾಂಡಿತ್ಯದ ಲಕ್ಷಣವಲ್ಲ. ಅವರ ಕಾಲದಲ್ಲಿ ಮನೆಯ ಗೋಡೆಯೊಳಗೆ ಸಿಡಿಲನ್ನು ಕಟ್ಟಿ ಇಡುವ ಪದ್ಧತಿಯಿರಲಿಲ್ಲ. ಆದ ಕಾರಣ ರಕ್ಷಕನು ರಕ್ಷಿಸಹೋಗಿ ತಾನೇ ಸಾಯುವ ಪ್ರಶ್ನೆಯು, ನೀರಿಗೆ ಬಿದ್ದವನನ್ನು ಎತ್ತುವ ಸಂದರ್ಭವನ್ನು ಬಿಟ್ಟರೆ, ಅವರ ಮುಂದೆ ಬರಲಿಲ್ಲ.

ಆ ಪ್ರಶ್ನೆಯು ಕನ್ನಡನಾಡಿಗೆ ಬಂದದ್ದು 1902ರಲ್ಲಿ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ ಸಂಕಲ್ಪಿತವಾಗಿ, ಜೋಲಿ ಡಿ ಲಾಟ್‌ಬಿನಿಯೇರ್ ಎಂಬ ಇಂಜಿನಿಯರನ ಯೋಜನೆಯಂತೆ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ಆ ವರುಷ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಷ್ಟು ಉದ್ದದ ತಂತಿಯು ಆಗ ಪ್ರಪಂಚದಲ್ಲಿಯೇ ವಿರಳವಾಗಿತ್ತು. ಶೇಷಾದ್ರಿ ಅಯ್ಯರವರು 1901ರಲ್ಲಿಯೇ ಕಾಲವಾದುದರಿಂದ ಅದನ್ನು ನೋಡಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪಗಳು ಬಂದವು. ಹಳ್ಳಿಯ ಮನೆಗೂ ಬಾವಿಗೂ ತಂತಿ ಮುಟ್ಟಲು ಇನ್ನೂ ಬಹುಕಾಲ ಹಿಡಿಯಿತು. 1957ರಲ್ಲಿ ಮೈಸೂರು ರಾಜ್ಯದ ವಿದ್ಯುಚ್ಛಕ್ತಿ ಮಂಡಲಿಯು ಏರ್ಪಟ್ಟ ಮೇಲೆ ಆ ಕಾರ್ಯವು ಚುರುಕಾಯಿತು. ಮುಂದೆ ಆ ಮಂಡಲಿಯ ಕೆಲಸವು 1999ರಲ್ಲಿ ಪ್ರಸರಣ ನಿಗಮಕ್ಕೂ, ಬೆಂಗಳೂರು ಸೀಮೆಯ ಹಂಚಿಕೆಯು 2002ರಲ್ಲಿ ಬೆಸ್ಕಾಂ ಸಂಸ್ಥೆಗೂ ಸೇರಿತು. ರಾಜಾನುಕುಂಟೆಯು ಈಗ ಆ ಸಂಸ್ಥೆಯ ವ್ಯಾಪ್ತಿಗೆ ಒಳಪಟ್ಟಿದೆ.

ತಂತಿಯೊಡನೆ ಮರಣವೂ ಬಂದಿತು. ಅದಕ್ಕೆ ಚಿಕಿತ್ಸೆಯೇನೆಂಬ ವಿಚಾರವು ಯೂರೋಪಿನಲ್ಲಿ ಅದಕ್ಕೆ ಸ್ವಲ್ಪ ಮುಂಚೆಯೇ ಹುಟ್ಟಿತ್ತು. 1894ರಲ್ಲಿ ಫ್ರಾನ್ಸಿನ ದಾರ್ಸೋನ್ವಾಲ್ ಎಂಬ ವಿಜ್ಞಾನಿಯು, ಸಾವಿರಾರು ವೋಲ್ಟಿನ ತಂತಿಗೆ ಸಿಕ್ಕಿ ಸತ್ತಂತೆ ಬಿದ್ದಿದ್ದ ಕೆಲಸಗಾರನೊಬ್ಬನು ಕೃತಕ ಶ್ವಾಸೋಚ್ಛ್ವಾಸದಿಂದ ಬದುಕಿದ ವೃತ್ತಾಂತವನ್ನು ಪ್ರಕಟಿಸಿ, ವಿದ್ಯುದಾಘಾತಕ್ಕೆ ಸಿಕ್ಕಿದವನನ್ನು ನೀರಿನಲ್ಲಿ ಮುಳುಗಿದವನಂತೆಯೇ ಉಪಚರಿಸಬೇಕೆಂದು ಸಾರಿದನು. ನೀರಿನಲ್ಲಿ ಮುಳುಗಿದವರ ಉಪಚಾರವಾದರೋ ಆಗಲೇ ಸಿದ್ಧವಾಗಿತ್ತು. 1858ರಲ್ಲಿ ಸಿಲ್ವೆಸ್ಟರನು ತೋಳುಗಳನ್ನೆತ್ತಿ ಇಳಿಸುವ ಕ್ರಮವನ್ನು ಹೇಳಿದ್ದನು. 1903ರಲ್ಲಿ ಶೇಫರನು ರೋಗಿಯನ್ನು ಬೋರಲಾಗಿ ಮಲಗಿಸಿ ಬೆನ್ನಿನ ಕೆಳಭಾಗವನ್ನು ಒತ್ತುವ ಕ್ರಮವನ್ನು ಹೇಳಿದನು. 1932ರಲ್ಲಿ ಡೆನ್ಮಾರ್ಕಿನ ಹೋಲ್ಗರ್ ನೀಲ್ಸನನು ಇವೆರಡನ್ನೂ ಕೂಡಿಸಿದಂತೆ ಬೆನ್ನೊತ್ತಿ ತೋಳೆತ್ತುವ ಕ್ರಮವನ್ನು ಪ್ರಚಾರಕ್ಕೆ ತಂದನು. ಈ ಮೂರು ಕ್ರಮಗಳ ಚಿತ್ರಗಳೇ ವಿದ್ಯುತ್ಕೇಂದ್ರಗಳ ಗೋಡೆಯ ಪಟಗಳಲ್ಲಿ ಬಹುಕಾಲ ಕಾಣಿಸಿಕೊಂಡವು.

ಗೋಡೆಯ ಪಟವೆಂದಾಗ ಅದನ್ನು ಹಗುರವಾಗಿ ಭಾವಿಸತಕ್ಕದ್ದಲ್ಲ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ 44ನೆಯ ನಿಯಮವು ಇದಕ್ಕೇ ಮೀಸಲಾಗಿದ್ದಿತು. ವಿದ್ಯುದಾಘಾತಕ್ಕೆ ಒಳಗಾದವರನ್ನು ಚೇತರಿಸುವ ಸೂಚನೆಗಳನ್ನು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಬರೆದುದಲ್ಲದೆ ಆಯಾ ಜಿಲ್ಲೆಯ ಭಾಷೆಯಲ್ಲಿಯೂ ಬರೆದು, ಉತ್ಪಾದನಾಲಯ, ಉಪಕೇಂದ್ರ, ಕಾರ್ಖಾನೆಗಳಲ್ಲಿ ಎಲ್ಲರಿಗೂ ಕಾಣುವಂತೆ ತಗುಲಿಸಬೇಕೆಂದು ಅದು ವಿಧಿಸಿತು. ಈ ನಿಯಮಗಳ ಸ್ಥಾನದಲ್ಲಿ 2010ರಲ್ಲಿಯೂ ಅನಂತರ 2023ರಲ್ಲಿಯೂ ಕೇಂದ್ರ ವಿದ್ಯುತ್ ಪ್ರಾಧಿಕಾರದ ಹೊಸ ವಿನಿಯಮಗಳು ಬಂದವು. ಅಕ್ಕಿ ಗಿರಣಿಯಲ್ಲಿಯೂ ಮಗ್ಗದ ಮನೆಯಲ್ಲಿಯೂ ಧೂಳು ಹಿಡಿದು ನೇತಾಡುತ್ತಿರುವ ಆ ಕನ್ನಡ ಪಟವು, ಶಾಸನದ ಬಲದಿಂದ ಜನಸಾಮಾನ್ಯರ ಕಣ್ಣ ಮುಂದೆ ಇಡಲ್ಪಟ್ಟ ವೈದ್ಯಗ್ರಂಥವೇ ಸರಿ. ಕನ್ನಡದಲ್ಲಿ ಇಷ್ಟು ಗೋಡೆಗಳ ಮೇಲೆ ಏರಿದ, ಇಷ್ಟು ಕಡಿಮೆ ಮಂದಿ ಓದಿದ ಗ್ರಂಥವು ಇನ್ನೊಂದಿರಲಾರದು.

ಇಂಥ ಪಟಗಳ ಮೊದಲನೆಯ ಉಪದೇಶವು ಚಿಕಿತ್ಸೆಯದಲ್ಲ, ರಕ್ಷಕನ ರಕ್ಷಣೆಯದು: ಮೊದಲು ಸ್ವಿಚ್ಚನ್ನು ಆರಿಸತಕ್ಕದ್ದು, ಆಗದಿದ್ದರೆ ಒಣಹಲಗೆಯ ಮೇಲೋ ರಬ್ಬರಿನ ಮೇಲೋ ನಿಂತು ಒಣಕೋಲಿನಿಂದ ರೋಗಿಯನ್ನು ತಂತಿಯಿಂದ ಬಿಡಿಸತಕ್ಕದ್ದು, ಅದಕ್ಕೆ ಮುಂಚೆ ಬರಿಗೈಯಿಂದ ಮುಟ್ಟತಕ್ಕದ್ದಲ್ಲ. ಇದಕ್ಕೆ ಕಾರಣವನ್ನು ಲೆಕ್ಕದಿಂದಲೇ ತಿಳಿಯಬಹುದು. ಒದ್ದೆಯಾದ ಚರ್ಮವುಳ್ಳ ದೇಹದ ಪ್ರತಿರೋಧವು ಸುಮಾರು 1,000 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿನಲ್ಲಿ ಹರಿಯುವ ಪ್ರವಾಹವು 230 ಮಿಲಿಆಂಪಿಯರು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯೆಲ್ ಎಂಬ ಆಚಾರ್ಯನು ಸ್ವಯಂಸೇವಕರ ಮೇಲೆ ಪರೀಕ್ಷಿಸಿ ಗೊತ್ತುಮಾಡಿದಂತೆ, ಸುಮಾರು 1 ಮಿಲಿಆಂಪಿಯರಿನಲ್ಲಿ ಜುಮ್ಮೆನ್ನುವುದು ತಿಳಿಯುತ್ತದೆ. ಸರಾಸರಿ 16 ಮಿಲಿಆಂಪಿಯರನ್ನು ದಾಟಿದರೆ ಗಂಡಸರೂ, ಅದಕ್ಕಿಂತ ಕಡಿಮೆಯಲ್ಲಿಯೇ ಹೆಂಗಸರೂ ಹಿಡಿದದ್ದನ್ನು ಬಿಡಲಾರರು. ಬೆರಳುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ‘ಕರೆಂಟು ಎಳೆದುಕೊಂಡಿತು’ ಎಂದು ಜನರು ಹೇಳುವುದು ಇದನ್ನೇ. ತಂತಿಯು ಎಳೆಯುವುದಿಲ್ಲ, ಕೈಯೇ ಬಿಡುವುದಿಲ್ಲ. ನೂರರ ಸುತ್ತಿನ ಪ್ರವಾಹವು ಎದೆಯ ಮೂಲಕ ಹರಿದರೆ ಹೃದಯವು ಬಡಿಯುವುದನ್ನು ಬಿಟ್ಟು ನಡುಗತೊಡಗುತ್ತದೆ. ಇದೇ ಹೃತ್ಕಂಪನ, ಅಥವಾ ವೈದ್ಯರು ಹೇಳುವ ಫಿಬ್ರಿಲೇಷನ್. ಹೀಗಿರುವಲ್ಲಿ ತಂತಿಯನ್ನು ಹಿಡಿದವನನ್ನು ಹಿಡಿದ ಎರಡನೆಯವನೂ, ಅವನನ್ನು ಹಿಡಿದ ಮೂರನೆಯವನೂ ಒಂದೇ ಸರಪಳಿಯ ಕೊಂಡಿಗಳಾಗುವರು.

ಇದು ಕೇವಲ ಲೆಕ್ಕವಲ್ಲ. 2023ರ ಆಗಸ್ಟಿನಲ್ಲಿ ಬೆಳಗಾವಿಯ ಶಾಹೂನಗರದಲ್ಲಿ ಅಜ್ಜ, ಅಜ್ಜಿ, ಮೊಮ್ಮಗಳು ಹೀಗೆ ಒಂದೇ ಕುಟುಂಬದ ಮೂವರು, ಒಬ್ಬರನ್ನು ಬಿಡಿಸಹೋಗಿ ಮತ್ತೊಬ್ಬರು, ಸತ್ತರು. ಅದೇ ವರುಷದ ನವೆಂಬರಿನಲ್ಲಿ ಬೆಂಗಳೂರಿನ ಕಾಡುಗೋಡಿಯ ಬಳಿ ಕಾಲುದಾರಿಯ ಮೇಲೆ ಹರಿದುಬಿದ್ದಿದ್ದ ತಂತಿಯನ್ನು ನಸುಕಿನಲ್ಲಿ ತುಳಿದು ತಾಯಿಯೂ ಅವಳ ತೋಳಿನಲ್ಲಿದ್ದ ಒಂಬತ್ತು ತಿಂಗಳ ಕೂಸೂ ಮಡಿದಾಗ, ಬಿಡಿಸಲು ನುಗ್ಗಿದ ಗಂಡನಿಗೆ ಸುಟ್ಟಗಾಯಗಳಾದವು. ಹೆಂಡತಿಯೂ ಮಗುವೂ ಕಣ್ಣೆದುರು ಉರಿಯುತ್ತಿರುವಾಗ ಸ್ವಿಚ್ಚಿನ ವಿಚಾರವನ್ನು ನೆನೆಯತಕ್ಕದ್ದೆಂದು ಉಪದೇಶಿಸುವುದು ಸುಲಭ. ಆ ಉಪದೇಶವು ಅಂಥ ಗಳಿಗೆಯಲ್ಲಿ ಕೈಗೆ ಬರಬೇಕಾದರೆ ಅದು ಮೊದಲೇ ರೂಢಿಯಾಗಿರಬೇಕು.

ಪಟದ ಒಣಕೋಲಿನ ಉಪಾಯಕ್ಕೂ ಒಂದು ಮಿತಿಯುಂಟು. ಅದು ಮನೆಯ ಮತ್ತು ಪಂಪಿನ ವೋಲ್ಟಿಗೆ ಮಾತ್ರ ಸಲ್ಲುವುದು. 11,000 ವೋಲ್ಟಿನ ಮುಂದೆ, ಅದರಲ್ಲಿಯೂ ಮಳೆಗಾಲದಲ್ಲಿ, ಕೈಗೆ ಸಿಕ್ಕಿದ ಕಟ್ಟಿಗೆಯು ರಕ್ಷೆಯಾಗಲಾರದು. ಹರಿದ ತಂತಿಯು ಬಿದ್ದ ಜಾಗದ ಸುತ್ತ ನೆಲದಲ್ಲಿಯೇ ವೋಲ್ಟು ಹರಡಿರುತ್ತದೆ; ಒಂದು ಹೆಜ್ಜೆಯಲ್ಲಿ ಎರಡು ಪಾದಗಳು ಎರಡು ಬೇರೆ ಮಟ್ಟಗಳನ್ನು ಮುಟ್ಟಿದರೆ ಪ್ರವಾಹವು ಒಂದು ಕಾಲಿನಿಂದ ಏರಿ ಮತ್ತೊಂದರಿಂದ ಇಳಿಯುತ್ತದೆ. ಆದುದರಿಂದ ಅಂಥ ಕಡೆ ದೂರದಲ್ಲಿಯೇ ನಿಂತು 1912 ಎಂಬ ಸಂಖ್ಯೆಗೆ ತಿಳಿಸಿ ಮಾರ್ಗವನ್ನು ಆರಿಸಿಸಬೇಕು. ಒಳಗೆ ಸಿಕ್ಕಿಕೊಂಡವನು ಪಾದಗಳನ್ನು ಜೋಡಿಸಿಕೊಂಡು ಸಣ್ಣ ಸಣ್ಣದಾಗಿ ಜರುಗುತ್ತ ಹೊರಬರಬೇಕು. ರೈಲಿನ 25,000 ವೋಲ್ಟಿನ ತಂತಿಯ ವಿಷಯದಲ್ಲಿ ಹೇಳತಕ್ಕದ್ದೇ ಇಲ್ಲ. ಅದನ್ನು ಮುಟ್ಟುವುದಿರಲಿ, ಅದರ ಹತ್ತಿರಕ್ಕೆ ಬಂದರೇ ಅದು ಹಾರಿ ಹೊಡೆಯಬಲ್ಲದು. ಇಷ್ಟು ಮಟ್ಟಿಗೆ ‘ಮುಟ್ಟಬೇಡ’ ಎಂಬುದು ನಿರಪವಾದವಾದ ವಿಧಿಯೇ.

ಈಗ ಎರಡನೆಯ ಮೂಲವನ್ನು ನೋಡತಕ್ಕದ್ದು. ದಾರ್ಸೋನ್ವಾಲನ ಸೂತ್ರದಲ್ಲಿ ಒಂದು ಕೊರತೆಯಿದ್ದಿತು. ನೀರಿನಲ್ಲಿ ಮುಳುಗಿದವನಿಗೆ ಮೊದಲು ನಿಲ್ಲುವುದು ಉಸಿರು; ಮನೆಯ ವೋಲ್ಟಿನ ತಂತಿಗೆ ಸಿಕ್ಕಿದವನಿಗಾದರೆ ಬಹುಶಃ ಮೊದಲು ಕೆಡುವುದು ಹೃದಯ. ವಿದ್ಯುತ್ತಿನಿಂದ ಹೃದಯವು ನಡುಗುವುದನ್ನು ಜರ್ಮನಿಯ ಲುಡ್ವಿಗ್ ಮತ್ತು ಹೋಫಾ ಎಂಬವರು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿಯೇ ಕಂಡಿದ್ದರು. 1889ರಲ್ಲಿ ಸ್ಕಾಟ್ಲೆಂಡಿನ ಮ್ಯಾಕ್‌ವಿಲಿಯಮ್ ಎಂಬವನು ಮನುಷ್ಯರ ಹಠಾನ್ಮರಣಕ್ಕೆ ಈ ನಡುಕವೇ ಕಾರಣವಾಗಿರಬಹುದೆಂದು ತರ್ಕಿಸಿದನು. 1899ರಲ್ಲಿ ಜಿನೀವಾ ನಗರದ ಪ್ರೆವೋ ಮತ್ತು ಬತೆಲ್ಲಿ ಎಂಬಿಬ್ಬರು ನಾಯಿಗಳಲ್ಲಿ ನಡುಗುತ್ತಿರುವ ಹೃದಯಕ್ಕೆ ಮತ್ತಷ್ಟು ಬಲವಾದ ಆಘಾತವನ್ನು ಕೊಟ್ಟರೆ ನಡುಕವು ನಿಲ್ಲುವುದೆಂದು ತೋರಿಸಿದರು. ಇದಕ್ಕೂ ಬಹಳ ಮುಂಚೆ, 1775ರಲ್ಲಿಯೇ, ಡೆನ್ಮಾರ್ಕಿನ ಅಬಿಲ್ಡ್‌ಗೋರ್ ಎಂಬ ಪಶುವೈದ್ಯನು ಕೋಳಿಗಳನ್ನು ವಿದ್ಯುತ್ತಿನಿಂದ ಕೆಡವಿ, ಎದೆಗೆ ಮತ್ತೆ ವಿದ್ಯುತ್ತನ್ನು ಮುಟ್ಟಿಸಿ ಎಬ್ಬಿಸಿದ್ದನಂತೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಈ ವಿದ್ಯೆಯು ಶಾಲೆಗಳ ಕುತೂಹಲವಾಗಿ ಉಳಿದದ್ದೇ ಹೊರತು ಹಾಸಿಗೆಯ ಬಳಿಗೆ ಬರಲಿಲ್ಲ.

ಅದನ್ನು ಹಾಸಿಗೆಯ ಬಳಿಗೆ ತಂದದ್ದರಲ್ಲಿ ವೈದ್ಯರಷ್ಟೇ ಪಾಲು ವಿದ್ಯುತ್ ಕಂಪೆನಿಗಳದ್ದೂ ಉಂಟು. ಅಮೆರಿಕದಲ್ಲಿ ಕಂಬವೇರುವ ಕೆಲಸಗಾರರು ಸಾಯುತ್ತಿದ್ದುದನ್ನು ಕಂಡು 1920ರ ದಶಕದಿಂದ ಆ ಉದ್ಯಮವು ಈ ಸಂಶೋಧನೆಗೆ ಹಣವನ್ನು ಕೊಟ್ಟಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕೌವೆನ್‌ಹೋವನ್ ಎಂಬವನು ವೈದ್ಯನಲ್ಲ, ವಿದ್ಯುತ್ ಇಂಜಿನಿಯರು. 1933ರಲ್ಲಿ ಅವನೂ ಅವನ ಸಂಗಡಿಗರೂ ನಾಯಿಗಳಲ್ಲಿ ಪ್ರೆವೋ ಬತೆಲ್ಲಿಗಳ ಫಲವನ್ನು ಮತ್ತೆ ಸಾಧಿಸಿದರು. 1947ರಲ್ಲಿ ಕ್ಲೀವ್ಲೆಂಡಿನ ಕ್ಲಾಡ್ ಬೆಕ್ ಎಂಬ ಶಸ್ತ್ರವೈದ್ಯನು ಹದಿನಾಲ್ಕು ವರುಷದ ಬಾಲಕನೊಬ್ಬನ ತೆರೆದ ಎದೆಯಲ್ಲಿ ಹೃದಯಕ್ಕೇ ವಿದ್ಯುತ್ತನ್ನು ಕೊಟ್ಟು ಬದುಕಿಸಿದನು. 1956ರಲ್ಲಿ ಬಾಸ್ಟನ್ನಿನ ಪಾಲ್ ಜೋಲ್ ಎಂಬವನು ಎದೆಯನ್ನು ತೆರೆಯದೆ ಹೊರಗಿನಿಂದಲೇ ಇದನ್ನು ಮಾಡಿದ ವೃತ್ತಾಂತವನ್ನು ಪ್ರಕಟಿಸಿದನು. ಕೌವೆನ್‌ಹೋವನನ ಪ್ರಯೋಗಶಾಲೆಯಲ್ಲಿ 1958ರಲ್ಲಿ ನಿಕರ್‌ಬಾಕರ್ ಎಂಬ ತರುಣನು ಮತ್ತೊಂದು ವಿಶೇಷವನ್ನು ಗಮನಿಸಿದನು: ವಿದ್ಯುತ್ತನ್ನು ಕೊಡುವ ಭಾರವಾದ ತಟ್ಟೆಗಳನ್ನು ನಾಯಿಯ ಎದೆಯ ಮೇಲೆ ಒತ್ತಿದಾಗಲೇ, ವಿದ್ಯುತ್ತು ಹರಿಯುವುದಕ್ಕೆ ಮುಂಚೆಯೇ, ರಕ್ತದ ಒತ್ತಡವು ಏರುತ್ತಿತ್ತು. ಹೊರಗಿನಿಂದ ಎದೆಯನ್ನೊತ್ತಿ ರಕ್ತವನ್ನು ನಡೆಸುವ ಕ್ರಮವು ಈ ಗಮನದಿಂದ ಹುಟ್ಟಿತು. 1960ರಲ್ಲಿ ಕೌವೆನ್‌ಹೋವನ್, ಜ್ಯೂಡ್, ನಿಕರ್‌ಬಾಕರ್ ಈ ಮೂವರೂ ಇಪ್ಪತ್ತು ರೋಗಿಗಳ ವೃತ್ತಾಂತದೊಡನೆ ಅದನ್ನು ಲೋಕಕ್ಕೆ ತಿಳಿಸಿದರು. ಈಗ ಸಿ.ಪಿ.ಆರ್. ಎಂದು ಹೇಳಲ್ಪಡುವ ಕ್ರಿಯೆಯ ಅರ್ಧವು ಇದೇ. ವಿಶೇಷವೇನೆಂದರೆ, ಮುಟ್ಟಲೇಬೇಕೆಂಬ ವಿಧಿಯೂ ಮುಟ್ಟಬಾರದೆಂಬ ನಿಷೇಧವೂ ಒಂದೇ ಪ್ರಯೋಗಶಾಲೆಯ ಒಂದೇ ಯಂತ್ರದಿಂದ ಹುಟ್ಟಿದವು.

ಈ ಯಂತ್ರದ ಮೊದಲ ರೂಪದಲ್ಲಿ ರಕ್ಷಕನಿಗೆ ನಿಜವಾದ ಅಪಾಯವಿದ್ದಿತು. ಜೋಲನ ಯಂತ್ರವೂ ಕೌವೆನ್‌ಹೋವನನ ಯಂತ್ರವೂ ಗೋಡೆಯ ವಿದ್ಯುತ್ತನ್ನೇ ಏರಿಸಿ ಎದೆಗೆ ಕೊಡುತ್ತಿದ್ದವು. ಊರಿನ ವಿದ್ಯುತ್ತು ಭೂಮಿಯೊಡನೆ ಸಂಬಂಧವಿಟ್ಟುಕೊಂಡಿರುವುದರಿಂದ, ಇಂಥ ಯಂತ್ರದಲ್ಲಿ ಎಲ್ಲಿಯಾದರೂ ನಿರೋಧಕವು ಕೆಟ್ಟರೆ ನೆಲದ ಮೇಲೆ ನಿಂತವನ ಮೂಲಕ ಅದು ಭೂಮಿಗಿಳಿಯಬಲ್ಲದು. ಮಾಸ್ಕೋದ ಗುರ್ವಿಚನು 1939ರಲ್ಲಿಯೇ ಕೆಪಾಸಿಟರಿನಲ್ಲಿ ತುಂಬಿಟ್ಟ ವಿದ್ಯುತ್ತಿನ ಉಪಯೋಗವನ್ನು ತೋರಿಸಿದ್ದನು. 1962ರಲ್ಲಿ ಅಮೆರಿಕದ ಬರ್ನಾರ್ಡ್ ಲೌನ್ ಎಂಬವನು ಆ ಬಗೆಯ ಯಂತ್ರವನ್ನು ಪ್ರಚಾರಕ್ಕೆ ತಂದನು. ಇದರಿಂದ ರೋಗಿಗಾದ ಉಪಕಾರವನ್ನು ಎಲ್ಲರೂ ಹೊಗಳುವರು. ರಕ್ಷಕನಿಗಾದ ಉಪಕಾರವನ್ನು ಹೇಳುವವರು ಕಡಿಮೆ. ಕೆಪಾಸಿಟರಿನಿಂದ ಹೊರಟ ಪ್ರವಾಹಕ್ಕೆ ಭೂಮಿಯೊಡನೆ ಕೆಲಸವಿಲ್ಲ. ಅದು ಒಂದು ಪಟ್ಟಿಯಿಂದ ಹೊರಟು ಎದೆಯನ್ನು ಹಾಯ್ದು ಮತ್ತೊಂದು ಪಟ್ಟಿಯ ಮೂಲಕ ತನ್ನ ಮನೆಗೇ ಮರಳಬೇಕು. ಸಾವಿರಕ್ಕೂ ಮಿಗಿಲಾದ ವೋಲ್ಟು, ಹತ್ತಾರು ಆಂಪಿಯರು. ಆದರೆ ಎಲ್ಲವೂ ಒಂದು ಸೆಕೆಂಡಿನ ಸುಮಾರು ನೂರನೆಯ ಒಂದು ಭಾಗದಲ್ಲಿ ಮುಗಿಯುತ್ತದೆ. ತರುವಾಯ ಕೈಯಲ್ಲಿ ಹಿಡಿಯುವ ತಟ್ಟೆಗಳ ಬದಲು ಮೈಗಂಟುವ ಪಟ್ಟಿಗಳು ಬಂದು, ಜೆಲ್ಲು ಹರಡಿ ಕೈಗೆ ತಗಲುವ ಭಯವೂ ಕಡಿಮೆಯಾಯಿತು. ಇಷ್ಟಾದರೂ ಶಾಸ್ತ್ರದಲ್ಲಿ ನಿಷೇಧವು ಉಳಿಯಿತು: ಆಘಾತವನ್ನು ಕೊಡುವ ಕ್ಷಣದಲ್ಲಿ ರೋಗಿಯನ್ನೂ ಅವನ ಮಂಚವನ್ನೂ ಯಾರೂ ಮುಟ್ಟಿರಬಾರದು.

ಇಲ್ಲಿ ಪೂರ್ವಪಕ್ಷವೊಂದು ಎದ್ದಿತು. ಎದೆಯೊತ್ತುವಿಕೆಯು ನಿಂತಷ್ಟು ಹೊತ್ತೂ ರಕ್ತದ ಚಲನೆಯು ನಿಲ್ಲುವುದಷ್ಟೆ. ಆಘಾತದ ಮುಂಚೆ ಕೈ ತೆಗೆದು, ಎಲ್ಲರೂ ಸರಿದಿರುವರೆಂದು ನೋಡಿ, ಆಮೇಲೆ ಮತ್ತೆ ಕೈಯಿಡುವಷ್ಟರಲ್ಲಿ ಅಮೂಲ್ಯವಾದ ಸೆಕೆಂಡುಗಳು ಕಳೆಯುತ್ತವೆ. ಪ್ರವಾಹವು ಎರಡು ಪಟ್ಟಿಗಳ ನಡುವೆಯೇ ಹರಿಯುವುದಾದರೆ ಕೈಯನ್ನು ತೆಗೆಯದೆಯೇ ಇದ್ದರೇನು? 2008ರಲ್ಲಿ ಅಮೆರಿಕದ ಲಾಯ್ಡ್ ಮತ್ತು ಸಂಗಡಿಗರು ಇದನ್ನು ಅಳೆದರು. ಕೈಗವಸನ್ನು ತೊಟ್ಟು ರೋಗಿಯ ಎದೆಯನ್ನು ಒತ್ತಿ ಹಿಡಿದಿದ್ದವರ ಮೂಲಕ ಆಘಾತದ ಕಾಲದಲ್ಲಿ ಹರಿದ ಪ್ರವಾಹವು ಸರಾಸರಿ ಸುಮಾರು 0.28 ಮಿಲಿಆಂಪಿಯರು, ಯಾರಿಗೂ ಅದು ತಿಳಿಯಲೇ ಇಲ್ಲ. ಇದರಿಂದ ಕೆಲವರು ನಿಷೇಧದ ಕಾಲವು ಮುಗಿಯಿತೆಂದು ಭಾವಿಸಿದರು.

ಇದಕ್ಕೆ ಸಮಾಧಾನವು ಕೆಲವೇ ವರುಷಗಳಲ್ಲಿ ಬಂದಿತು. 2012 ಮತ್ತು 2013ರಲ್ಲಿ ವೈದ್ಯರ ಸಾಮಾನ್ಯ ಕೈಗವಸುಗಳನ್ನು ಪರೀಕ್ಷಿಸಿದವರಿಗೆ, ಅವುಗಳಲ್ಲಿ ಹಲವು ಆ ಯಂತ್ರದ ವೋಲ್ಟನ್ನು ತಡೆಯಲಾರವೆಂದು ತಿಳಿದುಬಂದಿತು. ಆ ತೆಳುವಾದ ಕೈಗವಸು ರೋಗಾಣುಗಳಿಗಾಗಿ ಮಾಡಿದ್ದು, ವಿದ್ಯುತ್ತಿಗಾಗಿ ಮಾಡಿದ್ದಲ್ಲ. ವಿದ್ಯುತ್ ಕೆಲಸದ ರಬ್ಬರು ಕೈಗವಸುಗಳಿಗೆ ನಮ್ಮ ದೇಶದಲ್ಲಿ ಐ.ಎಸ್. 4770 ಎಂಬ ಪ್ರತ್ಯೇಕ ಪ್ರಮಾಣವೇ ಇದೆ. ಲಾಯ್ಡನ ಪರೀಕ್ಷೆಯು ಹೊಸ ಕೈಗವಸು, ಚೆನ್ನಾಗಿ ಅಂಟಿದ ಪಟ್ಟಿ, ಒಣಗಿದ ಮೈ, ಆಸ್ಪತ್ರೆಯ ನೆಲ ಇವುಗಳ ನಡುವೆ ನಡೆದದ್ದು. ಬೆವರಿನಲ್ಲಿ ತೊಯ್ದ ಮೈ, ಹರಿದ ಕೈಗವಸು, ಮಳೆಯ ರಸ್ತೆ ಇವುಗಳಿಗೆ ಅದೇ ಅಂಕಿಯನ್ನು ಹೊಂದಿಸುವುದು ನ್ಯಾಯವಲ್ಲ. ಯೂರೋಪಿನ ಸೂಚನೆಗಳು ಇಂದಿಗೂ ಆ ಕ್ಷಣದಲ್ಲಿ ಕೈ ತೆಗೆಯಬೇಕೆಂದೇ ಹೇಳುತ್ತವೆ. ಅದರೊಡನೆ ಯಂತ್ರವು ಶಕ್ತಿಯನ್ನು ತುಂಬಿಕೊಳ್ಳುತ್ತಿರುವಾಗಲೂ ಒತ್ತುತ್ತಲೇ ಇದ್ದು, ಬಿಡುವನ್ನು ಐದು ಸೆಕೆಂಡಿನೊಳಗೆ ಮುಗಿಸಬೇಕೆಂದು ಆ ಸೂಚನೆಗಳು ಸಂಕೋಚಗೊಳಿಸಿವೆ. ಸಿದ್ಧಾಂತವೆಂದು ಇದನ್ನೇ ಗ್ರಹಿಸತಕ್ಕದ್ದು. ನಿಷೇಧವು ಉಳಿದಿದೆ, ಅದರ ಕಾಲವು ಕಿರಿದಾಗಿದೆ. ಯಂತ್ರದ ಕ್ರಮವಾದ ಉಪಯೋಗದಲ್ಲಿ ರಕ್ಷಕರಿಗೆ ಆದುದಾಗಿ ವರದಿಯಾದ ತೊಂದರೆಗಳು ಬಹಳ ಕಡಿಮೆ, ಅವುಗಳಲ್ಲಿ ಹೆಚ್ಚಿನವು ಜುಮ್ಮೆನ್ನುವ ಮಟ್ಟದವು. ಪ್ರಾಣಾಪಾಯವಾದದ್ದು ಆರೋಗ್ಯವಂತರು ಅದನ್ನು ಆಟದ ಸಾಮಾನಿನಂತೆ ಮೈಗೆ ಮುಟ್ಟಿಸಿಕೊಂಡ ದುರುಪಯೋಗದಲ್ಲಿ.

ಆ ಯಂತ್ರದ ಬಳಿ ವಿದ್ಯುತ್ತಲ್ಲದ ಭಯವೊಂದೂ ಉಂಟು. ಮುಖಕ್ಕೆ ಆಮ್ಲಜನಕವು ಹರಿಯುತ್ತಿರುವಾಗ ಕಿಡಿ ಹಾರಿದರೆ ಬೆಂಕಿ ಹತ್ತುವುದರಿಂದ, ಆ ನಳಿಗೆಯನ್ನು ಒಂದು ಮೀಟರಿನಾಚೆಗೆ ಸರಿಸತಕ್ಕದ್ದು. ನೀರಿನ ವಿಷಯದಲ್ಲಿಯೂ ಎಚ್ಚರವು ಬೇಕು. ಕುಂಟೆಯಿಂದಲೋ ತೊಟ್ಟಿಯಿಂದಲೋ ಎತ್ತಿದವನನ್ನು ನೀರು ನಿಲ್ಲದ ಕಡೆಗೆ ಎಳೆದು, ಎದೆಯನ್ನು ಒರೆಸಿ, ಆಮೇಲೆ ಪಟ್ಟಿಗಳನ್ನು ಅಂಟಿಸಬೇಕು. ಇದು ರಕ್ಷಕನ ಭಯಕ್ಕಿಂತ ಹೆಚ್ಚಾಗಿ, ಪ್ರವಾಹವು ಎದೆಯೊಳಗೆ ಹೋಗದೆ ತೊಯ್ದ ಚರ್ಮದ ಮೇಲೆಯೇ ಹರಿದುಹೋಗಬಾರದೆಂಬ ಕಾರಣದಿಂದ.

ಈಗ ಎರಡು ಮೂಲಗಳೂ ಹೇಗೆ ಕಲೆತುಹೋದವೆಂಬುದು ಸ್ಪಷ್ಟವಾಗುತ್ತದೆ. ತಂತಿಯ ನಿಷೇಧಕ್ಕೆ ನಿಮಿತ್ತವು ಹರಿಯುತ್ತಿರುವ ಪ್ರವಾಹ. ನಿಮಿತ್ತವು ತೊಲಗಿದರೆ ನೈಮಿತ್ತಿಕವೂ ತೊಲಗುವುದೆಂಬುದು ವೈಯಾಕರಣರಿಗೆ ಪರಿಚಿತವಾದ ನ್ಯಾಯ. ಸ್ವಿಚ್ಚು ಆರಿದ ಕ್ಷಣದಲ್ಲಿಯೇ ಮುಟ್ಟಬಾರದೆಂಬುದೂ ಆರಿತು. ಅಲ್ಲಿಂದ ಮುಂದೆ ಮುಟ್ಟದಿರುವುದೇ ದೋಷ. ಹಾಗೆಯೇ ಯಂತ್ರದ ಆಘಾತವು ಮುಗಿದ ಕ್ಷಣದಲ್ಲಿ ಆ ನಿಷೇಧವೂ ಮುಗಿಯಿತು. ನಾಡಿಯನ್ನು ಹುಡುಕುತ್ತ ಕೂರದೆ ಒಡನೆಯೇ ಎದೆಯನ್ನು ಒತ್ತತೊಡಗಬೇಕು. ಹೃದಯವು ತಾನಾಗಿಯೇ ನಿಂತು, ವಿದ್ಯುತ್ತಿನ ಸಂಬಂಧವೇ ಇಲ್ಲದೆ ರಸ್ತೆಯಲ್ಲಿ ಬಿದ್ದವನ ವಿಷಯದಲ್ಲಂತೂ ನಿಷೇಧಕ್ಕೆ ಹುಟ್ಟೇ ಇಲ್ಲ. ಹೃತ್ಕಂಪನದಿಂದ ಬಿದ್ದವನಿಗೆ ಏನನ್ನೂ ಮಾಡದಿದ್ದರೆ ಬದುಕುವ ಆಸೆಯು ನಿಮಿಷಕ್ಕೆ ನೂರಕ್ಕೆ ಏಳರಿಂದ ಹತ್ತರಷ್ಟು ಕುಗ್ಗುತ್ತದೆಂದು ವೈದ್ಯರು ಲೆಕ್ಕಹಾಕಿರುವರು. ಅಂಥ ಕಡೆ ಮುಟ್ಟಬಹುದೋ ಮುಟ್ಟಬಾರದೋ ಎಂದು ಚರ್ಚಿಸುತ್ತ ಕಳೆದ ಐದು ನಿಮಿಷಗಳ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಕರ್ಣಾಟಕದಲ್ಲಿ ಈ ವಿಷಯವು ಜನರ ಬಾಯಿಗೆ ಬಂದದ್ದು ಇತ್ತೀಚೆಗೆ. 2008ರ ನವೆಂಬರ್ 1ರಂದು 108 ಸಂಖ್ಯೆಯ ಆರೋಗ್ಯಕವಚ ವಾಹನಗಳು ಆರಂಭವಾದವು. 2017ರಲ್ಲಿ ಭಾರತದ ಅರಿವಳಿಕೆವೈದ್ಯರ ಸಂಘದವರು, ಸಾಮಾನ್ಯ ಜನರು ಬಾಯಿಂದ ಉಸಿರೂದದೆ ಎದೆಯೊತ್ತುವುದನ್ನು ಮಾತ್ರ ಮಾಡಬಹುದೆಂಬ ಸುಲಭವಾದ ಕ್ರಮವನ್ನು ದೇಶಕ್ಕೆ ಹೊಂದುವಂತೆ ಪ್ರಕಟಿಸಿದರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರರು ಅಕಾಲದಲ್ಲಿ ಹೃದಯ ನಿಂತು ಗತಿಸಿದುದು ನಾಡನ್ನೆಲ್ಲ ಬೆಚ್ಚಿಬೀಳಿಸಿತು. 2023ರಲ್ಲಿ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯೂ, ಸಾರ್ವಜನಿಕ ಸ್ಥಳಗಳಲ್ಲಿ ತಾನಾಗಿಯೇ ನಡೆಯುವ ಡಿಫಿಬ್ರಿಲೇಟರುಗಳನ್ನು ಇಡುವ ಸಂಕಲ್ಪವೂ ಸರಕಾರದಿಂದ ಬಂದವು. ಹೀಗೆ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ನೂರಿಪ್ಪತ್ತು ವರುಷಗಳ ಮೇಲೆ ಔಷಧದ ರೂಪದಲ್ಲಿ ಬೀದಿಗೆ ಬರತೊಡಗಿದೆ.

ತಂತಿಯ ಭಯಕ್ಕೆ ಮದ್ದನ್ನು ಕಂಡವನೂ ಮೇಲೆ ಹೇಳಿದ ಡಾಲ್ಜಿಯೆಲ್‌ನೇ. 1961ರಲ್ಲಿ ಅವನು, ಹೋದ ಪ್ರವಾಹಕ್ಕೂ ಮರಳಿ ಬಂದ ಪ್ರವಾಹಕ್ಕೂ ಸ್ವಲ್ಪ ವ್ಯತ್ಯಾಸ ಬಂದರೂ ಒಡನೆಯೇ ಮಾರ್ಗವನ್ನು ಕಡಿಯುವ ಸಾಧನವನ್ನು ರಚಿಸಿದನು. ಅದು ನಮ್ಮಲ್ಲಿ ಸಾಮಾನ್ಯವಾಗಿ 30 ಮಿಲಿಆಂಪಿಯರಿನ ಸೋರಿಕೆಗೆ ಕಡಿಯುವಂತೆ ಮಾರಲ್ಪಡುತ್ತಿದೆ. ಮನೆಯ ಪೆಟ್ಟಿಗೆಯಲ್ಲಿ ಅದಿದ್ದರೆ ಸರಪಳಿಯ ಎರಡನೆಯ ಕೊಂಡಿಯು ಬೀಳುವುದಕ್ಕೆ ಮುಂಚೆಯೇ ಸ್ವಿಚ್ಚು ತಾನಾಗಿ ಆರಿರುತ್ತದೆ. ಒದ್ದೆ ನೆಲದಲ್ಲಿ ನಡೆಯುವ ಪಂಪಿನ ಮನೆಗೂ ನೀರು ಕಾಯಿಸುವ ಕೋಣೆಗೂ ಇದು ಎಲ್ಲದಕ್ಕಿಂತ ಮೊದಲು ಬೇಕು.

ಕೊನೆಗೆ ಭಾಷೆಯ ಒಂದು ವಿಷಯವುಳಿಯಿತು. 1956ರ ನಿಯಮವು ಗೋಡೆಯ ಪಟವನ್ನು ಜಿಲ್ಲೆಯ ಭಾಷೆಯಲ್ಲಿಯೂ ಬರೆಯಿಸಿತು. ಹೊಸ ಯಂತ್ರವು ಗೋಡೆಯ ಮೇಲೆ ಬರೆಯುವುದಿಲ್ಲ, ಮಾತನಾಡುತ್ತದೆ. ಆದರೆ ಅಂಥ ಅನೇಕ ಯಂತ್ರಗಳು ಆಡುವುದು ಇಂಗ್ಲಿಷನ್ನು. ಅದರ ಆಜ್ಞೆಯಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಎಲ್ಲರೂ ಸರಿಯಬೇಕೆಂಬುದು. ಆಘಾತವು ಮುಗಿದ ಮೇಲೆ ಬರುವ ಎರಡನೆಯದು, ಈಗ ರೋಗಿಯನ್ನು ಮುಟ್ಟಬಹುದು, ಒತ್ತಲಾರಂಭಿಸಿರಿ ಎಂಬುದು. ಇಂಗ್ಲಿಷನ್ನರಿಯದ ತೋಟದ ಕೆಲಸದವನಿಗೆ ಮೊದಲನೆಯ ಭಾಗವು ಯಂತ್ರದ ಕೂಗಿನಿಂದಲೂ ಸುತ್ತಲಿನವರ ಗಾಬರಿಯಿಂದಲೂ ಹೇಗೋ ತಿಳಿಯುತ್ತದೆ. ಎರಡನೆಯ ಭಾಗವು ತಿಳಿಯದು, ಅವನು ದೂರದಲ್ಲಿಯೇ ನಿಂತಿರುವನು. ಯಂತ್ರವನ್ನು ಕೊಳ್ಳುವಾಗ ಆ ಎರಡನೆಯ ವಾಕ್ಯವನ್ನು ಅದು ಕನ್ನಡದಲ್ಲಿ ಹೇಳಬಲ್ಲುದೇ ಎಂದು ಕೇಳತಕ್ಕದ್ದು. ಹೇಳದಿದ್ದರೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಪೆಟ್ಟಿಗೆಯ ಬಾಗಿಲಿನ ಮೇಲೆ ಅಂಟಿಸತಕ್ಕದ್ದು.